ಕ್ಯಾಮೆರಾದ ಕೆಳಗಿನ ಮೂಲೆ

ಹೋದ ವಾರ ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಳ್ಳಲು ನಿಂತಿದ್ದೆ. ಗಲ್ಲಾದ ಮೇಲೆ ಒಂದು ಸಣ್ಣ ಟಿವಿ, ಅದರಲ್ಲಿ ನಾಲ್ಕು ಚೌಕ. ಒಂದರಲ್ಲಿ ರಸ್ತೆ, ಒಂದರಲ್ಲಿ ಒಳಗಿನ ಒಲೆಯ ಕೋಣೆ, ಉಳಿದೆರಡರಲ್ಲಿ ಅಂಗಡಿಯೊಳಗಿನ ನಾವು. ಪಫ್ಸ್ ತಿನ್ನುತ್ತಿದ್ದ ಕಾಲೇಜು ಹುಡುಗಿಯರು ಕಂಡರು, ಮಗುವಿಗೆ ಜ್ಯೂಸ್ ಕುಡಿಸುತ್ತಿದ್ದ ತಂದೆ ಕಂಡ. ನಾನು ಮಾತ್ರ ಎಲ್ಲೂ ಇರಲಿಲ್ಲ. ಒಂದು ಚೌಕದ ತೀರ ಕೆಳ ಅಂಚಿನಲ್ಲಿ ಒಂದು ಕಂದು ಬ್ಯಾಗಿನ ಮೂಲೆ ಇಣುಕುತ್ತಿತ್ತು. ಯಾರದಪ್ಪಾ ಇದು ಎಂದು ನೋಡಿದರೆ ನನ್ನದೇ.

"ಮೇಡಂ, ಅಲ್ಯಾಕೆ ಗೋಡೆಗೆ ಅಂಟ್ಕೊಂಡ್ ನಿಂತ್ರಿ? ಈಚೆಗ್ ಬನ್ನಿ, ಫ್ಯಾನ್ ಗಾಳಿ ಬರುತ್ತೆ," ಎಂದ ಬೇಕರಿಯವನು.

ನಕ್ಕು ಈಚೆಗೆ ಬಂದೆ. ತಲೆಯೆತ್ತಿ ನೋಡಿದರೆ ನಾನು ನಿಂತಿದ್ದ ಜಾಗದ ನೆತ್ತಿಯ ಮೇಲೆಯೇ ಕ್ಯಾಮೆರಾ ಇತ್ತು. ಒಳಗೆ ಬರುವಾಗ ನಾನು ಅದನ್ನು ಗಮನಿಸಿಯೂ ಇರಲಿಲ್ಲ. ಕಾಲು ತಾನಾಗಿ ಆ ಜಾಗವನ್ನು ಹುಡುಕಿಕೊಂಡಿತ್ತು. ಗುಬ್ಬಿಯ ಗಂಡನ ಮನೆಯಿಂದ ಇಲ್ಲಿಗೆ ಬಂದು ಇಷ್ಟು ಕಾಲವಾಯಿತು, ನನ್ನ ಕಾಲು ಆ ವರ್ಷವನ್ನು ಇನ್ನೂ ಮರೆತಿಲ್ಲ.

ಆ ವರ್ಷ ನಾನು ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಪತ್ರಿಕೋದ್ಯಮದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬುದು ಹೆಸರಿಗಷ್ಟೇ. ಅತಿಥಿಗೆ ಕೊಡುವ ಕಾಫಿಯೂ ಅಲ್ಲಿ ನಮಗೆ ಸಿಗುತ್ತಿರಲಿಲ್ಲ. ಕ್ಲಾಸಿದ್ದ ದಿನ ಗುಬ್ಬಿಯಿಂದ ಪ್ಯಾಸೆಂಜರ್ ರೈಲು ಹತ್ತಿ ಹೋಗುವುದು, ಮಧ್ಯಾಹ್ನಕ್ಕೆ ವಾಪಸು ಬರುವುದು. ಆಷಾಢದ ಗಾಳಿಯಲ್ಲಿ ಕಾಲೇಜು ಶುರುವಾದಾಗ ಹೊಸ ಸಿಲಬಸ್ಸೂ ಬಂತು. ಅದರಲ್ಲಿ ಸಿನಿಮಾ ಕುರಿತ ಒಂದು ಪತ್ರಿಕೆ. ಆ ಪತ್ರಿಕೆಯೊಳಗೆ ಒಂದು ಇಡೀ ಭಾಗ, ಅಪರಾಧ ಸಿನಿಮಾಗಳಲ್ಲಿ ಚೌಕಟ್ಟು ಮತ್ತು ಬೆಳಕು. ಯಾರಿಗೂ ಬೇಡವಾದ ಆ ಭಾಗವನ್ನು ವಿಭಾಗದ ಮುಖ್ಯಸ್ಥೆ ನನ್ನ ಕಡೆಗೆ ತಳ್ಳಿದರು. "ಉಮಾ, ನೀವೇ ಮಾಡ್ಬಿಡಿ. ಯಂಗ್ ಇದೀರ, ಸಿನಿಮಾ ಗಿನಿಮಾ ನೋಡ್ತಿರ್ತೀರ." ನಾನು ನೋಡುತ್ತಿದ್ದದ್ದು ಹಾಡು ಬಂದಾಗ ಎದ್ದು ಹೋಗಿ ಕುಕ್ಕರ್ ಇಟ್ಟು ಬರಬಹುದಾದಂಥ ಸಿನಿಮಾ. ಆದರೆ ಬೇಡ ಎನ್ನುವ ಸ್ವಾತಂತ್ರ್ಯ ಅತಿಥಿಗೆಲ್ಲಿದೆ? ಹೂಂ ಎಂದೆ.

ಮನೆಯಲ್ಲಿ ನಾವು ಮೂರೇ ಜನ: ನನ್ನ ಗಂಡ ಪ್ರಸಾದ್, ಅತ್ತೆ ಸಿದ್ಧಗಂಗಮ್ಮ, ನಾನು. ಪ್ರಸಾದ್ ಅವರದು ಕೊಬ್ಬರಿ ವ್ಯಾಪಾರ. ಮನೆಯ ಅಟ್ಟದ ತುಂಬ ಒಣಗಲು ಬಿಟ್ಟ ಕಾಯಿ, ಊರಿನ ಆ ತುದಿಗೆ ಮಂಡಿ, ಮಂಡಿಯ ಹಿಂದೆ ಗೋಡೌನು. ಆ ಮಳೆಗಾಲದಲ್ಲಿ ಗೋಡೌನಿನಿಂದ ಕೊಬ್ಬರಿ ಮೂಟೆಗಳು ಕಳುವಾದವು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಹಾಗೆ ಪ್ರಸಾದ್ ಕ್ಯಾಮೆರಾ ಹಾಕಿಸಿದರು. ಮೊದಲು ಗೋಡೌನಿಗೆ, ಆಮೇಲೆ ಮಂಡಿಗೆ, ಆಮೇಲೆ ಮನೆಯ ಗೇಟಿಗೆ. ಸೆಟ್ಟಿನಲ್ಲಿ ಇನ್ನೊಂದು ಉಳಿಯಿತು. ವ್ಯಾಪಾರಸ್ಥರ ಮನೆ; ಉಳಿದ ವಸ್ತುವನ್ನು ಸುಮ್ಮನೆ ಇಡುವುದು ಅವರ ಜಾಯಮಾನದಲ್ಲೇ ಇಲ್ಲ. ಅದನ್ನು ನಡುಮನೆಯಲ್ಲಿ, ಮುಂಬಾಗಿಲ ಪಕ್ಕದ ಮೂಲೆಯಲ್ಲಿ, ಸೂರಿನ ಹತ್ತಿರ ಹಾಕಿಸಿದರು. ಅಲ್ಲಿಂದ ಅದು ಇಡೀ ನಡುಮನೆ ದಾಟಿ ಅಡುಗೆಮನೆಯ ಒಲೆಯವರೆಗೂ ನೋಡುತ್ತಿತ್ತು.

"ಮನೆಯೊಳಗ್ಯಾಕ್ರೀ?" ಎಂದೆ.

"ಅಮ್ಮಂಗೆ ಮಂಡಿ ನೋವು. ನೀನು ಕಾಲೇಜಿಗ್ ಹೋದಾಗ ಒಬ್ಳೇ ಇರ್ತಾಳೆ. ಬಿದ್ರೆ ಗಿದ್ರೆ ಗೊತ್ತಾಗ್ಬೇಕಲ್ವಾ? ನಿಮ್ ಸೇಫ್ಟಿಗೇ ಕಣೇ."

ಸೇಫ್ಟಿ ಎಂದ ಮೇಲೆ ಏನು ವಾದ ಮಾಡುವುದು? ಮೊದಲ ಫೋನು ಮಾರನೆಯ ದಿನವೇ ಬಂತು. "ಉಮಾ, ಹಾಲು ಉಕ್ತಾ ಇದೆ ನೋಡು." ಓಡಿ ಹೋಗಿ ನೋಡಿದೆ, ನಿಜವಾಗಿಯೂ ಉಕ್ಕುತ್ತಿತ್ತು. ಉಪಕಾರವಾಯಿತು ಎಂದೇ ಅಂದುಕೊಂಡೆ. ಆಮೇಲೆ ಒಂದೊಂದೇ ಶುರುವಾದವು. ಆಗ್ಲೇ ಬಂದಿದ್ದು ಯಾರು? ಅಷ್ಟೊತ್ತು ಏನ್ ಮಾತಾಡಿದ್ಲು? ಇನ್ನೂ ಯಾಕ್ ಕೂತೇ ಇದೀಯ, ಹುಷಾರಿಲ್ವಾ? ದನಿಯಲ್ಲಿ ಸಿಟ್ಟಿರಲಿಲ್ಲ. ಪ್ರಸಾದ್ ನನ್ನ ಮೇಲೆ ಕೈಯೆತ್ತಿದವರಲ್ಲ, ದನಿಯೆತ್ತಿದ್ದೂ ಕಡಿಮೆ. ಅದೇ ನನ್ನ ಕಷ್ಟವಾಗಿತ್ತು, ಯಾರ ಹತ್ತಿರವೂ ದೂರು ಹೇಳುವಂತಿರಲಿಲ್ಲ. ಕೊತ್ತಗೆರೆಯ ತವರಿಗೆ ಫೋನು ಮಾಡಿ ಅಮ್ಮನ ಹತ್ತಿರ ಹೇಳಿಕೊಂಡರೆ ಅವಳು, "ಗಂಡ ನೋಡಿದ್ರೆ ಏನ್ ಸವೆದ್ ಹೋಯ್ತೀಯೇನೇ? ಕೆಲವ್ರು ತಿರುಗೂ ನೋಡಲ್ಲ, ಗೊತ್ತಾ?" ಎಂದು ಫೋನಿಟ್ಟಳು.

ಇತ್ತ ಪಾಠಕ್ಕೆಂದು ನಾನು ಆ ಸಿನಿಮಾಗಳನ್ನು ನೋಡತೊಡಗಿದೆ. ಸಿಲಬಸ್ಸಿನಲ್ಲಿ ಫಿಲ್ಮ್ ನುವಾರ್ ಎಂದಿತ್ತು. ಕರಿ ಸಿನಿಮಾ ಎನ್ನಿ ಸಾಕು ಎಂದು ಹುಡುಗರಿಗೆ ಹೇಳಿದ್ದೆ. ಎಲ್ಲ ಹಳೆಯ ಕಪ್ಪು ಬಿಳುಪಿನ ವಿದೇಶಿ ಚಿತ್ರಗಳು. ಒಂದು ಕೊಲೆ, ಒಬ್ಬ ಸುಸ್ತಾದ ಗಂಡಸು, ತಪ್ಪಿಸಿಕೊಳ್ಳಲು ಹೊರಟು ಇನ್ನಷ್ಟು ಸಿಕ್ಕಿಕೊಳ್ಳುವ ಹೆಂಗಸು. ಕಥೆ ನನಗೆ ಅಷ್ಟೇನೂ ಹಿಡಿಸಲಿಲ್ಲ. ಹಿಡಿಸಿದ್ದು ಕಥೆ ಹೇಳುವ ರೀತಿ. ಮನುಷ್ಯ ಸಿಕ್ಕಿಬಿದ್ದಿದ್ದಾನೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನನ್ನು ಬಾಗಿಲಿನೊಳಗೆ ನಿಲ್ಲಿಸುತ್ತಾರೆ, ಆ ಬಾಗಿಲನ್ನು ಇನ್ನೊಂದು ಬಾಗಿಲಿನೊಳಗಿಂದ ತೋರಿಸುತ್ತಾರೆ. ಒಂದೇ ಕಡೆಯಿಂದ ಬೆಳಕು ಬಿಡುತ್ತಾರೆ, ಅರ್ಧ ಮುಖ ನಮಗೆ ಸಿಗುತ್ತದೆ, ಉಳಿದರ್ಧ ಸಿಗುವುದಿಲ್ಲ. ಕಿಟಕಿಯ ಪಟ್ಟಿಗಳ ನೆರಳನ್ನು ಮೈಮೇಲೆ ಬೀಳಿಸಿದರೆ ಜೈಲು ತೋರಿಸುವ ಖರ್ಚೂ ಉಳಿಯಿತು. ಕ್ಯಾಮೆರಾವನ್ನು ಸೂರಿಗೆ ಏರಿಸಿ ಕೆಳಗೆ ನೋಡಿದರೆ ಎಂಥ ಗಟ್ಟಿ ಆಳೂ ಕುಗ್ಗುತ್ತಾನೆ. ನೆಲ ದೊಡ್ಡದಾಗುತ್ತದೆ, ಗೋಡೆಗಳು ಹತ್ತಿರ ಬರುತ್ತವೆ, ಮನುಷ್ಯ ಇಲಿಬೋನಿನ ಇಲಿಯಾಗುತ್ತಾನೆ.

ಇದನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಒಂದು ಭಾನುವಾರ ಪ್ರಸಾದ್ ಮೊಬೈಲನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದರು. ಪರದೆಯಲ್ಲಿ ನಮ್ಮ ನಡುಮನೆ ಇತ್ತು. ದೊಡ್ಡ ಕೆಂಪು ನೆಲ, ಎರಡೂ ಕಡೆ ಗೋಡೆ, ಕೊನೆಯಲ್ಲಿ ಅಡುಗೆಮನೆ ಬಾಗಿಲು, ಅದರಾಚೆ ಹಿತ್ತಿಲ ಬಾಗಿಲು. ನಡುವೆ ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಕೂತ ಒಂದು ಸಣ್ಣ ಹೆಂಗಸು. ಅವತ್ತು ನಾನು ಪೆನ್ನು ಕೆಳಗಿಟ್ಟೆ. ನನಗೆ ಬಹಳ ಭಯವಾಯಿತು.

ಕ್ಲಾಸು ಮಾತ್ರ ಚೆನ್ನಾಗಿ ನಡೆಯಿತು. ಬರೀ ಬಾಯಲ್ಲಿ ಹೇಳಿದರೆ ಹುಡುಗರು ಆಕಳಿಸುತ್ತಿದ್ದರು. ಒಂದು ದಿನ ಮನೆಯಿಂದ ಹಿಟ್ಟು ಜರಡಿ ಹಿಡಿಯುವ ಒಂದರಿ ಒಯ್ದೆ. ಕಿಟಕಿಗಳನ್ನು ಮುಚ್ಚಿಸಿ, ಒಬ್ಬ ಹುಡುಗಿಯನ್ನು ಗೋಡೆಗೆ ನಿಲ್ಲಿಸಿ, ಒಂದರಿಯ ಹಿಂದಿನಿಂದ ಟಾರ್ಚ್ ಬಿಟ್ಟೆ. ಅವಳ ಮುಖದ ಮೇಲೆ ಬಲೆ ಬಿತ್ತು. ಇಡೀ ಕ್ಲಾಸು ಹೋ ಎಂದಿತು. "ಮೇಡಂ, ಇವ್ಳೇ ಕೊಲೆಗಾತಿ!" "ಇಲ್ಲ ಮೇಡಂ, ಇನ್ನೇನ್ ಸಾಯ್ತಾಳೆ!" ಎಂದು ಜಗಳವಾಡಿದರು. ಅಷ್ಟರಲ್ಲಿ ಬ್ಯಾಗಿನಲ್ಲಿ ಫೋನು ಗುಂಯ್‌ಗುಟ್ಟಿತು.

"ಒಂದ್ರಿ ಯಾಕೆ ಬ್ಯಾಗಿಗ್ ಹಾಕ್ಕೊಂಡ್ ಹೋದೆ?" ಎಂದರು ಪ್ರಸಾದ್.

ಕಾರಿಡಾರಿನಲ್ಲಿ ನಿಂತು ಪಾಠಕ್ಕೆ ಎಂದೆ. ನನ್ನ ಮಾತು ನನಗೇ ಸುಳ್ಳಿನ ಹಾಗೆ ಕೇಳಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ಏನೂ ಕದಿಯದ ನಾನು ದಿನವಿಡೀ ಹೆಗಲು ಮುಟ್ಟಿಕೊಳ್ಳುವುದನ್ನು ಕಲಿತಿದ್ದೆ.

ಆ ಕ್ಯಾಮೆರಾದ ಕಣ್ಣಿಗೆ ಬೀಳದ ಮೂಲೆಯನ್ನು ಮೊದಲು ಹಿಡಿದದ್ದು ನಾನಲ್ಲ, ಅತ್ತೆ. ಬೆಳಿಗ್ಗೆ ಲಿಂಗಪೂಜೆಗೆ ಅವರು ನಡುಮನೆಯ ನಡುವೆ ಸ್ಟೂಲು ಹಾಕಿಕೊಂಡು, ಅಡುಗೆಮನೆಗೆ ಮುಖ ಮಾಡಿ ಕೂರುತ್ತಿದ್ದವರು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ನೆಟ್ಟರೆ ಮನೆ ಹೊತ್ತಿ ಉರಿದರೂ ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಅವರು ಮುಂಬಾಗಿಲ ಪಕ್ಕದ ಮೂಲೆಯಲ್ಲಿ ಅಕ್ಕಿ ಡ್ರಮ್ಮಿಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಾರೆ. ನೆತ್ತಿಯ ಮೇಲೆ ನೇರವಾಗಿ ಕ್ಯಾಮೆರಾ.

"ಇಲ್ಯಾಕತ್ತೆ?"

"ಪೂಜೆಗ್ ಕೂತ್ರೆ ಮೇಲಿಂದ ಯಾವನೋ ಅಂಗೈ ಇಣುಕ್ದಂಗಾಯ್ತದೆ ಕಣವ್ವ. ಇಲ್ಲಿ ಕಾಣಲ್ಲ ಅಲ್ವಾ?"

ನಾನು ಕ್ಯಾಮೆರಾ ಬಾಗಿದ್ದನ್ನು ನೋಡಿದೆ, ಗೋಡೆ ನೋಡಿದೆ. ಅವರು ಹೇಳಿದ್ದು ಸರಿ. ದೀಪದ ಬುಡದಲ್ಲೇ ಕತ್ತಲು. ಅಕ್ಕಿ ಡ್ರಮ್ಮು, ಅದರ ಪಕ್ಕದ ನಮ್ಮ ಕೋಣೆಯ ಬಾಗಿಲು, ಮುಂಬಾಗಿಲಿನ ಹೊಸ್ತಿಲು, ಇಷ್ಟು ಜಾಗ ಚೌಕಟ್ಟಿನ ಹೊರಗಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಮಲಗುವ ಕೋಣೆ, ಬಚ್ಚಲು ಬಿಟ್ಟರೆ ನಮ್ಮದು ಅಂತ ಇದ್ದದ್ದು ಆ ಮೂಲೆಯೊಂದೇ.

ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಅಲ್ಲಿ ಸೇರುತ್ತಿದ್ದೆವು. ಡ್ರಮ್ಮಿನ ಮುಚ್ಚಳದ ಮೇಲೆ ಲ್ಯಾಪ್‌ಟಾಪ್, ಸ್ಟೂಲಿನ ಮೇಲೆ ಅತ್ತೆ, ನೆಲದ ಮೇಲೆ ನಾನು. ಪ್ರಸಾದ್ ಫೋನು ಮಾಡಿದರೆ ಅತ್ತೆಯೇ ಎತ್ತಿ, "ಮಲಗಿದೀವಿ ಕಣಪ್ಪ" ಎನ್ನುತ್ತಿದ್ದರು. ಅವರಿಗೆ ಆ ಚಿತ್ರಗಳ ಭಾಷೆ ಬರುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು. ಬರೀ ನೆರಳು ಬೆಳಕು ನೋಡಿ ಕಥೆ ಕಟ್ಟುತ್ತಿದ್ದರು, ಅರ್ಧಕ್ಕರ್ಧ ತಪ್ಪು ಕಟ್ಟುತ್ತಿದ್ದರು. ಪತ್ತೇದಾರನನ್ನು ಮೊದಲಿನಿಂದ ಕೊನೆಯವರೆಗೆ ಕಳ್ಳನೆಂದೇ ನಂಬಿ ಬೈದ ಸಿನಿಮಾಗಳೂ ಉಂಟು. ಆದರೆ ಅವರ ದೊಡ್ಡ ದೂರು ಬೇರೆ.

"ಅಯ್ಯೋ, ಇವ್ರ ಮನೇಲಿ ದೀಪ ಹಚ್ಚೋರೇ ಇಲ್ವೇನೇ? ಮೂರ್ಸಂಜೆಲಿ ಹಿಂಗೆ ಕತ್ಲೆ ಮಾಡ್ಕೊಂಡ್ ಕೂತ್ರೆ ಕೊಲೆ ಆಗ್ದೆ ಇನ್ನೇನಾಯ್ತದೆ?"

ಮೂರ್ಸಂಜೆಯ ವಿಷಯದಲ್ಲಿ ಅತ್ತೆ ಕಟ್ಟುನಿಟ್ಟು. ಲಕ್ಷ್ಮಿ ಬರುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ದೀಪ ಹಚ್ಚಿರಬೇಕು, ಯಾರೂ ಕತ್ತಲಲ್ಲಿ ಕೂರಬಾರದು. ನನಗೂ ಅದು ಹಿಡಿಸುತ್ತಿತ್ತು, ಆ ವರ್ಷದವರೆಗೆ. ಆ ವರ್ಷ ಟ್ಯೂಬ್‌ಲೈಟು ಹತ್ತಿಕೊಂಡ ಕೂಡಲೇ ಮೈ ಬಿಗಿಯುತ್ತಿತ್ತು. ಕತ್ತಲಾದರೂ ನನ್ನದೇ ಎಂದರೆ ಅದೂ ಇಲ್ಲ. ಕರೆಂಟು ಹೋದರೆ ಕ್ಯಾಮೆರಾ ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಪ್ರಸಾದ್ ಅವರ ಮೊಬೈಲಿನಲ್ಲಿ ನಮ್ಮ ಮನೆ ತಾನಾಗಿ ಕಪ್ಪು ಬಿಳುಪಿಗೆ ತಿರುಗುತ್ತಿತ್ತು. ನಾನೇ ಒಂದು ಕರಿ ಸಿನಿಮಾದಲ್ಲಿ ಬೂದು ಹೆಂಗಸಾಗಿ ಓಡಾಡುತ್ತಿದ್ದೆ. ಕ್ಲಾಸಿನಲ್ಲಿ ಹುಡುಗರು ಕತ್ತಲೆಂದರೆ ಕೇಡು, ಬೆಳಕೆಂದರೆ ಒಳ್ಳೆಯದು ಎಂದು ಬರೆದುಕೊಟ್ಟಾಗ ನಾನು ಕೆಂಪು ಮಸಿಯಲ್ಲಿ ಗೀಚಿದೆ. ಈ ಸಿನಿಮಾಗಳಲ್ಲಿ ಮನುಷ್ಯನನ್ನು ನಿಜಕ್ಕೂ ಮುರಿಯುವುದು ಠಾಣೆಯೊಳಗೆ ಮುಖದ ಮೇಲೆ ತೂಗುಬಿಟ್ಟ ಬಲ್ಬು, ಅದಕ್ಕೆ ಏನು ಹೇಳ್ತೀರಿ ಎಂದು ಕೇಳಿದೆ. ಕೇಳುವಾಗ ದನಿ ಸ್ವಲ್ಪ ಜೋರಾಯಿತು.

ಮಳೆ ಹಿಂದಾಯಿತು, ಕಾರ್ತಿಕ ಕಳೆಯಿತು, ದೇವರಾಯನದುರ್ಗದ ಕಡೆಯಿಂದ ಬೆಳಗಿನ ಮಂಜು ತುಮಕೂರಿನ ರೈಲು ಹಳಿಯವರೆಗೂ ಇಳಿದು ಬರತೊಡಗಿತು. ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಪ್ರಸಾದ್ ಇಡ್ಲಿ ತಿನ್ನುತ್ತ, "ಈ ವರ್ಷ ಮುಗೀಲಿ ಉಮಾ, ಆಮೇಲೆ ಕಾಲೇಜು ಸಾಕು. ಅಮ್ಮಂಗೂ ಆಗಲ್ಲ," ಎಂದರು. ಕೇಳಿದ್ದಲ್ಲ, ತಿಳಿಸಿದ್ದು. ಅದೇ ವಾರ ಕುಣಿಗಲ್ಲಿನ ಒಂದು ಖಾಸಗಿ ಕಾಲೇಜಿನಿಂದ ನನಗೆ ಕರೆ ಬಂತು. ಕಾಯಂ ಕೆಲಸ. ಸಿನಿಮಾ ಪಾಠ ಮಾಡುವವರೇ ಬೇಕಂತೆ, ಒಂದು ಕ್ಲಾಸು ತೆಗೆದುಕೊಂಡು ತೋರಿಸಬೇಕಂತೆ. ಶಿವರಾತ್ರಿ ಕಳೆದ ಸೋಮವಾರ ಬನ್ನಿ ಎಂದರು.

ನಾನು ಹೇಳಿದಾಗ ಪ್ರಸಾದ್ ಮೊಬೈಲಿನಿಂದ ಕಣ್ಣೆತ್ತಿದರು. "ಕುಣಿಗಲ್ಲಾ? ಗುಬ್ಬಿಯಿಂದ ದಿನಾ ಓಡಾಡಕ್ಕಾಗುತ್ತಾ? ಅಲ್ಲೇ ಮನೆ ಮಾಡ್ಬೇಕು. ನಿಮ್ ಕೊತ್ತಗೆರೆ ಪಕ್ಕದಲ್ಲಿ ನೀನೊಬ್ಳೇ ಮನೆ ಮಾಡ್ಕೊಂಡ್ ಕೂತ್ರೆ ಜನ ಏನಂತಾರೆ? ಗಂಡನ್ನ ಬಿಟ್ಟು ತವರಿಗ್ ಹೋದ್ಳು ಅಂತಾರೆ. ಹೋಗೋದ್ ಬೇಡ."

ಅಷ್ಟೇ. ಮಾತು ಮುಗಿಯಿತು. ಅವತ್ತು ಮಧ್ಯಾಹ್ನ ಮೂಲೆಯಲ್ಲಿ ಸಿನಿಮಾ ಹಾಕಲಿಲ್ಲ. ನಾನು ಡ್ರಮ್ಮಿಗೆ ಒರಗಿ ಅತ್ತುಬಿಟ್ಟೆ. ಇದು ತಪ್ಪಿದರೆ ಇನ್ನು ನನಗೆ ರೈಲೂ ಇಲ್ಲ, ಕ್ಲಾಸೂ ಇಲ್ಲ, ಬೆಳಗಿನಿಂದ ರಾತ್ರಿಯವರೆಗೆ ಆ ಕೆಂಪು ನೆಲದ ಮೇಲೆ ಆ ಸಣ್ಣ ಹೆಂಗಸಾಗಿ ಇರಬೇಕು ಎಂಬುದು ಕಣ್ಣಿಗೆ ಕಟ್ಟಿತ್ತು. ಅತ್ತೆ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು.

"ಆ ಸಿನಿಮಾದಾಗೆ ಕಳ್ಳ ಬಾಗ್ಲಲ್ಲಿ ನಿಂತಿದ್ನಲ್ಲ, ಹಿಂದೆ ಬೆಳಕು ಬಿಟ್ಟಿದ್ರು. ಮಖ ಕಂಡಿತ್ತಾ?"

"ಇಲ್ಲ. ಹಿಂಬೆಳಕಿದ್ರೆ ಆಕಾರ ಮಾತ್ರ ಕಾಣುತ್ತೆ, ಯಾರೂಂತ ಗೊತ್ತಾಗಲ್ಲ."

"ಹಂಗಾದ್ರೆ ನೀನ್ ಹೋಗು. ನಾನ್ ಕೂತ್ಕೋತೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅತ್ತೆ ಯೋಚಿಸಿದ್ದು ಹಾಗೆ. ಸೋಮವಾರ ನಾನು ತಲೆಗೆ ಸ್ನಾನ ಮಾಡಿ ಟವೆಲು ಸುತ್ತಿಕೊಳ್ಳುವ ದಿನ. ಹಸಿರು ಸೀರೆ ಉಟ್ಟು ಟವೆಲು ಸುತ್ತಿಕೊಂಡೇ ಪ್ರಸಾದ್ ಅವರಿಗೆ ತಿಂಡಿ ಬಡಿಸುವುದು. ಅವರು ಮಂಡಿಗೆ ಹೋದ ಮೇಲೆ ಅದೇ ಸೀರೆ, ಅದೇ ಟವೆಲು ಅತ್ತೆಗೆ. ಅವರು ಅಡುಗೆಮನೆ ಬಾಗಿಲಲ್ಲಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ಅಕ್ಕಿ ಆರಿಸುತ್ತ ಕೂರುವುದು. ಮುಂಬಾಗಿಲು, ಕಿಟಕಿ ಮುಚ್ಚಿ, ಹಿತ್ತಿಲ ಬಾಗಿಲನ್ನು ಹಾರುಹೊಡೆದು ತೆರೆದಿಡುವುದು; ಆ ಬೆಳಕು ಎದುರಿಗಿದ್ದರೆ ಕ್ಯಾಮೆರಾ ಕಪ್ಪು ಬಿಳುಪಿಗೆ ತಿರುಗುವುದಿಲ್ಲ. ನಾನು ಕೋಣೆಯಿಂದ ಗೋಡೆ ಬದಿಯಲ್ಲೇ ಸರಿದು ಹೊರಬೀಳುವುದು. ಗೇಟಿನ ಕ್ಯಾಮೆರಾ ಜಗಲಿಯ ಕಂಬದಲ್ಲಿ ಗೇಟಿನ ಕಡೆಗೇ ಮುಖ ಮಾಡಿತ್ತು. ಅದರ ಬೆನ್ನ ಹಿಂದಿನ ಜಗಲಿಯಲ್ಲಿ ನಡೆದು ಪಕ್ಕದ ತೆಂಗಿನ ತೋಟಕ್ಕೆ ಇಳಿದರೆ ರಸ್ತೆ.

ಸೋಮವಾರ ಬೆಳಿಗ್ಗೆ ಅತ್ತೆಗೆ ಹಸಿರು ಸೀರೆ ಉಡಿಸುವಾಗ ನನ್ನ ಕೈ ನಿಂತಿತು. ಮಾವ ಹೋದಾಗಿನಿಂದ ಅವರು ಬಣ್ಣದ ಸೀರೆ ಉಟ್ಟಿರಲಿಲ್ಲ. ಉಡಬೇಡ ಎಂದು ಯಾರೂ ಹೇಳಿರಲಿಲ್ಲ; ಒಂದು ಸಲ ಬೂದು ಬಣ್ಣದ್ದು ಉಟ್ಟರು, ಮಗ ಆಮೇಲೆ ಪ್ರತಿ ಹಬ್ಬಕ್ಕೂ ಬೂದು ಬಣ್ಣದ್ದನ್ನೇ ತಂದ. ಅವರು ನೆರಿಗೆ ಸವರಿಕೊಂಡು, "ನಂಗ್ ಉದ್ದ ಆಯ್ತು ಕಣೇ," ಎಂದಷ್ಟೇ ಅಂದರು. ಇನ್ನೊಂದು ಯೋಚನೆ ನನಗೆ ಆಮೇಲೆ ಹೊಳೆಯಿತು. ಅವರಿಗೆ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತರೆ ನಾನಲ್ಲ ಎಂದು ಗೊತ್ತಾಗಿಬಿಡುತ್ತದೆ. ಗೋಡೆ ಹಿಡಿದು, ಹಲ್ಲು ಕಚ್ಚಿ, ನನ್ನ ಹೆಗಲ ಮೇಲೆ ಭಾರ ಬಿಟ್ಟು ಅವರು ಕೆಳಗೆ ಕೂತದ್ದು ಕೋಣೆಯ ಹೊಸ್ತಿಲ ಹತ್ತಿರ. ಅಲ್ಲಿಂದ ಅಡುಗೆಮನೆ ಬಾಗಿಲಿಗೆ ನೆಲದ ಮೇಲೆ ಸರಿಯುತ್ತ ಹೋದರು, ಒರೆಸುವ ಬಟ್ಟೆಯನ್ನು ಮುಂದೆ ತಳ್ಳಿಕೊಂಡು, ನೆಲ ಒರೆಸುವವರ ಹಾಗೆ. "ಹೋಗು, ಹಿಂದಕ್ ನೋಡ್ಬೇಡ," ಎಂದರು.

ತುಮಕೂರಿನಲ್ಲಿ ಬಸ್ಸು ಬದಲಿಸಿ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋದೆ. ಫೋನು ಸೈಲೆಂಟಿನಲ್ಲಿ ಬ್ಯಾಗಿನ ತಳದಲ್ಲಿತ್ತು, ಒಂದರಿಯ ಕೆಳಗೆ. ಕ್ಲಾಸಿನಲ್ಲಿ ಒಬ್ಬ ಹುಡುಗಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಒಳಗಿನ ದೀಪ ಆರಿಸಿ, "ಯಾರಿದು?" ಎಂದು ಕೇಳಿದೆ. ಹುಡುಗರು ಯಾರ್ಯಾರದೋ ಹೆಸರು ಹೇಳಿದರು. ನಾನು ಚೆನ್ನಾಗಿಯೇ ಪಾಠ ಮಾಡಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಇನ್ನೊಮ್ಮೆ ಮಾಡಿಲ್ಲ. ಪ್ರಿನ್ಸಿಪಾಲರು ಕೈಮುಗಿದು ತಿಳಿಸ್ತೀವಿ ಎಂದರು. ಹೊರಗೆ ಬಂದು ಫೋನು ತೆಗೆದರೆ ಪರದೆಯ ತುಂಬ ಪ್ರಸಾದ್ ಅವರ ಮಿಸ್ಡ್ ಕಾಲು.

ಆಗ ನಮ್ಮ ತಪ್ಪು ಹೊಳೆಯಿತು. ಎಂಥ ತಪ್ಪು! ಚೌಕಟ್ಟಿನಲ್ಲಿ ನಾನು ಇರಬೇಕು ಎಂಬುದನ್ನೇ ಯೋಚಿಸಿದ್ದೆವು. ಅತ್ತೆಯೂ ಇರಬೇಕಲ್ಲ? ಪ್ರಸಾದ್ ಮೊಬೈಲಿನಲ್ಲಿ ನೋಡಿದ್ದಾರೆ. ಹೆಂಡತಿ ಅಕ್ಕಿ ಆರಿಸುತ್ತಿದ್ದಾಳೆ, ಅಮ್ಮ ಕಾಣುತ್ತಿಲ್ಲ. ಮತ್ತೆ ನೋಡಿದ್ದಾರೆ, ಇನ್ನೂ ಕಾಣುತ್ತಿಲ್ಲ. ಅಮ್ಮನಿಗೆ ಫೋನು ಮಾಡಿದರೆ ಅದು ಕೋಣೆಯಲ್ಲಿ ಬಡಿದುಕೊಳ್ಳುತ್ತಿದೆ. ಹೆಂಡತಿಗೆ ಮಾಡಿದರೆ ಹೆಂಡತಿ ತಲೆಯೂ ಎತ್ತುತ್ತಿಲ್ಲ. ಅಮ್ಮ ಬಚ್ಚಲಲ್ಲಿ ಬಿದ್ದಿದ್ದಾಳೆ ಎಂದು ಅವರು ಮಂಡಿಯನ್ನು ಹಾಗೇ ಬಿಟ್ಟು ಮನೆಗೆ ಓಡಿರಬೇಕು.

ಫೋನು ಮಾಡಿದೆ. ತುಂಬ ಹೊತ್ತು ರಿಂಗಾಗಿ ಎತ್ತಿದರು.

"ಮನೇಲಿದೀನಿ. ಅಮ್ಮ ಊಟ ಮಾಡ್ತಾ ಇದಾಳೆ," ಎಂದರು. ಆಮೇಲೆ, "ನಿಧಾನಕ್ ಬಾ," ಎಂದರು.

ಬಸ್ಸಿನ ಕಿಟಕಿಯ ಸರಳುಗಳ ನೆರಳು ನನ್ನ ಮಡಿಲ ಮೇಲೆ ಬಿದ್ದು ದಾರಿಯುದ್ದಕ್ಕೂ ಅಲ್ಲಾಡುತ್ತಿತ್ತು. ನಿಧಾನಕ್ಕೆ ಬಾ ಎಂದರೆ ಏನರ್ಥ? ಬೈದಿದ್ದರೆ ಸಮಾಧಾನವಾಗುತ್ತಿತ್ತು. ಹೆಬ್ಬೂರಿನಲ್ಲಿ ಇಳಿದು ಕೊತ್ತಗೆರೆಯ ಕಡೆಗೆ ತಿರುಗಿಬಿಡಲೇ ಎಂದೂ ಅನ್ನಿಸಿತು. ಅಲ್ಲಿಯೂ ಅಮ್ಮ ಮಾರನೆಯ ಬಸ್ಸಿಗೆ ಹತ್ತಿಸಿ ಕಳಿಸುತ್ತಾಳೆ ಎಂದು ಗೊತ್ತಿತ್ತು. ಗುಬ್ಬಿ ಮುಟ್ಟಿದಾಗ ಮೂರ್ಸಂಜೆ. ಮನೆಯ ಮುಂಬಾಗಿಲು ತೆರೆದಿತ್ತು, ದೀಪ ಹಚ್ಚಿತ್ತು. ಅತ್ತೆ ಹಸಿರು ಸೀರೆಯಲ್ಲೇ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು, ಮಂಡಿಗೆ ಪ್ರಸಾದ್ ಬಿಸಿನೀರಿನ ಶಾಖ ಕೊಡುತ್ತಿದ್ದರು.

"ಆಯ್ತಾ?" ಎಂದರು ಪ್ರಸಾದ್, ನನ್ನ ಕಡೆ ನೋಡದೆ.

"ಆಯ್ತು."

"ಕಾಫಿ ಕುಡಿ."

ಆ ವಿಷಯ ನಮ್ಮ ನಡುವೆ ಅದಕ್ಕಿಂತ ಮುಂದೆ ಹೋಗಲೇ ಇಲ್ಲ. ಕೆಲಸ ಸಿಕ್ಕಿತು. ಪ್ರಸಾದ್ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಈಗ ಭಾನುವಾರಗಳಲ್ಲಿ ಕುಣಿಗಲ್ಲಿಗೆ ಬರುತ್ತಾರೆ, ಕೆರೆ ಏರಿಯ ಮೇಲೆ ನಡೆಯುತ್ತೇವೆ, ಕೊಬ್ಬರಿ ಧಾರಣೆ ಮಾತಾಡುತ್ತಾರೆ. ನಡುಮನೆಯ ಕ್ಯಾಮೆರಾವನ್ನು ಅವರು ತೆಗೆಸಲಿಲ್ಲ, ಅಟ್ಟದ ಮೆಟ್ಟಿಲ ಕಡೆಗೆ ತಿರುಗಿಸಿದ್ದಾರೆ. ಪುಟ್ಟ ಕೆಂಪು ದೀಪ ಈಗಲೂ ಉರಿಯುತ್ತದೆ. ಗುಬ್ಬಿಗೆ ಹೋದಾಗ ನಾನು ಈಗಲೂ ಗೋಡೆ ಬದಿಯಲ್ಲೇ ನಡೆಯುತ್ತೇನೆ.

ನಾನು ಎರಡು ಬ್ಯಾಗು ಹಿಡಿದು ಕುಣಿಗಲ್ ಬಸ್ಸಿನಲ್ಲಿ ಕೂತ ದಿನ ಅವರಿಂದ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಆ ಸೋಮವಾರದ ಬೆಳಿಗ್ಗೆ, ನಮ್ಮ ನಡುಮನೆ. ಎಷ್ಟೋ ಸಿನಿಮಾಗಳ ಶಾಟುಗಳನ್ನು ಬಿಡಿಸಿ ಪಾಠ ಮಾಡಿದ್ದೇನೆ, ಇದನ್ನು ಮಾತ್ರ ಇದುವರೆಗೆ ಯಾರಿಗೂ ತೋರಿಸಿಲ್ಲ.

ಮೇಲಿನಿಂದ ತೆಗೆದ ಶಾಟು, ಸದ್ದಿಲ್ಲ. ನಡುಮನೆ ಕತ್ತಲು. ದೂರದಲ್ಲಿ ಬಾಗಿಲಿನೊಳಗೆ ಬಾಗಿಲು, ಅದರಾಚೆ ಹಿತ್ತಿಲ ಬಿಳಿ ಬೆಳಕು. ಆ ಬೆಳಕಿಗೆ ಅಡ್ಡವಾಗಿ ಒಂದು ಕಪ್ಪು ಆಕಾರ, ತಲೆಗೆ ಸುತ್ತಿದ ಟವೆಲು, ಅಲ್ಲಾಡುವ ಮೊರ. ನಾನೇ ನೋಡಿದರೂ ನಾನು ಎಂದೇ ಅನ್ನಿಸುತ್ತದೆ. ಇದ್ದಕ್ಕಿದ್ದಂತೆ ಚೌಕಟ್ಟಿನ ಕೆಳಗಿನಿಂದ ಬೆಳಕು ನುಗ್ಗುತ್ತದೆ, ಮುಂಬಾಗಿಲು ತೆರೆದಿದೆ. ಮೊದಲು ಬರುವುದು ನೆರಳು. ಕೆಂಪು ನೆಲದ ಮೇಲೆ ಹರಿದು ಅದು ಕೂತವಳ ಬೆನ್ನಿನ ಕಡೆಗೆ ಹೋಗುತ್ತದೆ. ಹಿಂದೆಯೇ ಪ್ರಸಾದ್ ಅವರ ನೆತ್ತಿ, ಭುಜ. ಒಂದೇ ಕಾಲಿನಲ್ಲಿ ಚಪ್ಪಲಿ. ಕೈ ಬಚ್ಚಲಿನ ಕಡೆ ಚಾಚಿ ಏನೋ ಕೂಗುತ್ತಾರೆ. ಅಕ್ಕಿ ಆರಿಸುವವಳು ತಿರುಗುವುದಿಲ್ಲ. ನಿಧಾನವಾಗಿ ಕೈಯೆತ್ತಿ ತಲೆಯ ಟವೆಲು ಬಿಚ್ಚುತ್ತಾಳೆ. ಮುಂಬಾಗಿಲ ಬೆಳಕಿಗೆ ಸೀರೆ ಹಸಿರಾಗುತ್ತದೆ, ಕೂದಲು ಬೆಳ್ಳಗಾಗುತ್ತದೆ.

ಪ್ರಸಾದ್ ನಿಂತೇ ಇರುತ್ತಾರೆ. ಆಮೇಲೆ ಅಮ್ಮನ ಪಕ್ಕ ನೆಲದ ಮೇಲೆ ಕೂತುಬಿಡುತ್ತಾರೆ. ಅಷ್ಟು ಎತ್ತರದ ಆಳು ಆ ನೆಲದ ಮೇಲೆ ಪುಟ್ಟ ಹುಡುಗನಷ್ಟಾಗುತ್ತಾರೆ, ಎರಡೂ ಗೋಡೆಗಳು ಅವರ ಹತ್ತಿರ ಬರುತ್ತವೆ. ಅತ್ತೆ ತಲೆ ಪಕ್ಕಕ್ಕೆ ವಾಲಿಸಿ ಏನೋ ಹೇಳುತ್ತಾರೆ. ಚಿಕ್ಕ ಮಾತು. ಆಗ ಪ್ರಸಾದ್ ನಿಧಾನವಾಗಿ ಹಿಂದಕ್ಕೆ ತಿರುಗಿ, ಕತ್ತೆತ್ತಿ, ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಾರೆ. ಹಾಗೇ ನೋಡುತ್ತಿರುತ್ತಾರೆ. ಅವರ ಮುಖದಲ್ಲಿ ಆ ಭಯವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನ್ನ ಮುಖದಲ್ಲಿ ಎಷ್ಟು ಸಲ ಇತ್ತೋ ಅವರೇ ಹೇಳಬೇಕು. ವಿಡಿಯೋ ಅಲ್ಲಿಗೆ ನಿಲ್ಲುತ್ತದೆ.

ಬೇಕರಿಯಿಂದ ಬಂದ ಸಂಜೆ ಅತ್ತೆಗೆ ಫೋನು ಮಾಡಿ, ಇಷ್ಟು ದಿನ ಕೇಳದೆ ಉಳಿದದ್ದನ್ನು ಕೇಳಿದೆ. ಅವತ್ತು ಮಗನಿಗೆ ಏನೆಂದಿರಿ ಎಂದೆ.

"ಏನಂದೆ? ಏಳಕ್ಕಾಗ್ತಿಲ್ಲ ಎತ್ತೋ ಅಂದಿರ್ಬೇಕು ಬುಡು," ಎಂದು ನಕ್ಕರು. ಆಮೇಲೆ ಹೇಳಿದರು. "ಅದಕ್ ಮುಂಚೆ ಒಂದ್ ಮಾತ್ ಕೇಳ್ದೆ ಕಣವ್ವ. ನೀನ್ ಇಲ್ ಬಂದ್ ಕೂತಿದೀಯಲ್ಲ, ಈಗ ನಮ್ನ ನೋಡ್ತಿರೋರ್ ಯಾರ್ಲಾ, ಅಂದೆ."